ಸಣ್ಣ ಕಾರು ಅಪಘಾತ, ಸಣ್ಣ ಗಾಯ, ವಿಮೆ ಹಣ: ಕರಾವಳಿಯಿಂದ ಘಟ್ಟದ ತನಕ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾದವರೂ ಘಟ್ಟದ ಮೇಲಿನ ಶಿರಸಿ, ಯಲ್ಲಾಪುರದವರೂ ಫೋನಿನಲ್ಲಿ, ಪತ್ರದಲ್ಲಿ, ಕೋರ್ಟಿನ ಜಗುಲಿಯಲ್ಲಿ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಇಟ್ಟಿದ್ದೇನೆ. ಸಾವು, ಶಾಶ್ವತ ಅಂಗವೈಕಲ್ಯದ ದೊಡ್ಡ ಪ್ರಕರಣಗಳ ದಾರಿ ಬೇರೆ. ಇಲ್ಲಿರುವುದು ತರಚು, ಉಳುಕು, ನಾಲ್ಕು ಹೊಲಿಗೆ, ಒಂದು ಮೂಳೆಯ ಬಿರುಕು ಇಷ್ಟರ ಮಟ್ಟಿನ ಗಾಯಗಳ ವಿಷಯ. ಇಂಥ ಕೇಸುಗಳಲ್ಲಿ ಕಾನೂನಿನ ವಾದಕ್ಕಿಂತ ಮೊದಲ ಎರಡು ದಿನ ಹುಟ್ಟುವ ಕಾಗದವೇ ಹೆಚ್ಚು ತೂಗುತ್ತದೆ. ಹಾಗಾಗಿ ಆರಂಭದ ಉತ್ತರಗಳು ಸ್ವಲ್ಪ ಉದ್ದ.

## ಗುದ್ದಿದ ದಿನ

ಸಣ್ಣ ಪೆಟ್ಟು ಮಾರಾಯ್ರೆ, ಮೊಣಕಾಲು ತರಚಿದ್ದು ಅಷ್ಟೇ. ಆಸ್ಪತ್ರೆಗೆ ಹೋಗೂದೇ ಬೇಕಾ?

ಹೋಗಿ. ಅದೇ ದಿನ ಹೋಗಿ. ಗುದ್ದಿದ ಗಾಬರಿಯಲ್ಲಿ ನೋವು ಗೊತ್ತಾಗುವುದಿಲ್ಲ. ಕುತ್ತಿಗೆ, ಸೊಂಟ, ಮಣಿಕಟ್ಟಿನ ನೋವು ಮರುದಿನ ಬೆಳಿಗ್ಗೆ ಏಳುವಾಗ ಹಿಡಿಯುತ್ತದೆ. ತಲೆಗೆ ತಾಗಿದ್ದರಂತೂ ಯೋಚಿಸುವುದೇ ಬೇಡ.

ಕ್ಲೇಮಿನ ಮಟ್ಟಿಗೆ ಹೇಳುವುದಾದರೆ, ಆಸ್ಪತ್ರೆಯ ಚೀಟಿಯ ಮೊದಲ ಸಾಲು ಬಹಳ ಮುಖ್ಯ. ಹೇಗೆ ಪೆಟ್ಟಾಯಿತು ಎಂದು ಡಾಕ್ಟರು ಕೇಳುತ್ತಾರೆ. ಪೊಲೀಸರ ತಾಪತ್ರಯ ಬೇಡವೆಂದು ನಮ್ಮವರು "ಜಾರಿ ಬಿದ್ದೆ", "ಬೈಕು ಸ್ಕಿಡ್ ಆಯ್ತು" ಅನ್ನುತ್ತಾರೆ. ಡಾಕ್ಟರು ಅದನ್ನೇ ಬರೆಯುತ್ತಾರೆ. ಆಮೇಲೆ ಕಾರು ಗುದ್ದಿದ್ದೆಂದು ಅರ್ಜಿ ಹಾಕಿದರೆ, ವಿಮಾ ಕಂಪನಿಯ ವಕೀಲರು ಮೊದಲು ಎತ್ತಿ ತೋರಿಸುವುದು ಆ ಸಾಲನ್ನೇ. ಜಾರಿ ಬಿದ್ದವನಿಗೆ ಕಾರಿನ ವಿಮೆ ಯಾಕೆ ಹಣ ಕೊಡಬೇಕು ಎಂಬ ಪ್ರಶ್ನೆಗೆ ಆಗ ಉತ್ತರವಿರುವುದಿಲ್ಲ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಹೇಳಿ: ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಗಾಡಿ, ನಂಬರು ಗೊತ್ತಿದ್ದರೆ ನಂಬರು. ರಸ್ತೆ ಅಪಘಾತವೆಂದ ಕೂಡಲೇ ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಪಟ್ಟ ವೈದ್ಯಕೀಯ ಪ್ರಕರಣ ಎಂದು ದಾಖಲಿಸಿ ಪೊಲೀಸರಿಗೆ ತಿಳಿಸುತ್ತಾರೆ. ಮುಂದೆ ಪೊಲೀಸರು ತರಿಸಿಕೊಳ್ಳುವ ಗಾಯದ ಪ್ರಮಾಣಪತ್ರ, ಅಂದರೆ ಎಲ್ಲರೂ ವೂಂಡ್ ಸರ್ಟಿಫಿಕೇಟ್ ಅನ್ನುವ ಹಾಳೆ, ಈ ದಾಖಲೆಯಿಂದಲೇ ತಯಾರಾಗುವುದು.

ಕಾರವಾರದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಪ್ರತಿ ತಾಲೂಕಿಗೆ ಸರ್ಕಾರಿ ಆಸ್ಪತ್ರೆ ಇದೆ. ದೊಡ್ಡ ತಪಾಸಣೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾದ ಬಾಂಬೋಳಿಗೋ ಹೋಗುವುದು ನಮ್ಮ ಜಿಲ್ಲೆಯ ಹಣೆಬರಹ. ಹೋಗುವ ಮೊದಲು ಹತ್ತಿರದಲ್ಲೇ ಒಮ್ಮೆ ತೋರಿಸಿ, ಚೀಟಿ ಕೈಯಲ್ಲಿ ಹಿಡಿದು ಹೊರಡಿ.

ಪೊಲೀಸ್ ಸ್ಟೇಶನ್ ಮೆಟ್ಲು ಹತ್ತುಕೆ ಮನಸ್ಸಿಲ್ಲ. ಕಂಪ್ಲೇಂಟ್ ಕೊಡದೇ ಕ್ಲೇಮ್ ಆಗೂದಿಲ್ವಾ?

ಬೇರೆಯವರ ಗಾಡಿಯ ವಿಮೆಯಿಂದ ಹಣ ಬೇಕಿದ್ದರೆ ಎಫ್‌ಐಆರ್ ಇಲ್ಲದೆ ಹೆಜ್ಜೆ ಮುಂದೆ ಹೋಗುವುದು ತೀರಾ ಕಷ್ಟ. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281, ಗಾಯ ಮಾಡಿದ್ದಕ್ಕೆ 125ನೇ ಕಲಂ ಹಾಕುತ್ತಾರೆ. ಅದರ ಬೆನ್ನಿಗೆ ಸ್ಥಳ ಪಂಚನಾಮೆ, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಕೊನೆಗೆ ಚಾರ್ಜ್‌ಶೀಟ್ ಬರುತ್ತವೆ. ನಿಮ್ಮ ಅರ್ಜಿಗೆ ಆಧಾರ ಇವೇ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ.

2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕು, 90 ದಿನದೊಳಗೆ ವಿವರವಾದ ವರದಿ ಸಲ್ಲಿಸಬೇಕು. ವರದಿ ಹೋಗಿದೆಯೇ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪೇನಿಲ್ಲ.

ಆಸ್ಪತ್ರೆ ಓಡಾಟದಲ್ಲಿ ನಾಲ್ಕು ದಿನ ಕಂಪ್ಲೇಂಟ್ ಕೊಡುಕೇ ಆಗ್ಲಾ. ಕೇಸು ಬಿದ್ದೇ ಹೋಯ್ತಾ?

ಇಲ್ಲ. ದೂರು ತಡವಾಯಿತು ಎನ್ನುವ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಗಾಯಾಳುವನ್ನು ಉಳಿಸಿಕೊಳ್ಳುವುದು ಮೊದಲು, ಠಾಣೆ ಆಮೇಲೆ ಎನ್ನುವುದು ಸಹಜವೆಂದು ಒಪ್ಪಿದೆ. ಆದರೆ ತಡವಾದದ್ದು ಯಾಕೆ ಎಂಬುದು ದೂರಿನಲ್ಲೇ ಇರಬೇಕು. "ಹುಬ್ಬಳ್ಳಿಯಲ್ಲಿ ಒಳರೋಗಿಯಾಗಿದ್ದೆ, ಬಿಡುಗಡೆಯಾದ ಮರುದಿನ ಬಂದಿದ್ದೇನೆ" ಎಂಬ ಒಂದು ವಾಕ್ಯ ಸಾಕು. ಎಂಎಲ್‌ಸಿ ಮೊದಲ ದಿನವೇ ಆಗಿದ್ದರೆ ಈ ತಡ ಹೆಚ್ಚು ಕಾಡುವುದಿಲ್ಲ.

ಕಾರಿನವ್ರು ಒಳ್ಳೆಯವ್ರು. ಅಲ್ಲೇ ಐದು ಸಾವಿರ ಕೊಡ್ತೇವೆ ಅಂದ್ರು. ತಗೊಂಡು ಮುಗಿಸಿದ್ರೆ ಹೇಗೆ?

ಕೆಲವೊಮ್ಮೆ ಅದೇ ಸರಿ. ಬರೀ ತರಚು, ಟಿಟಿ ಇಂಜೆಕ್ಷನ್ನು, ಎರಡು ದಿನದ ಮಾತ್ರೆ ಇಷ್ಟಕ್ಕೆ ವರ್ಷಗಟ್ಟಲೆ ಕೋರ್ಟಿಗೆ ತಿರುಗಿದರೆ ಬಸ್ ಚಾರ್ಜೇ ಹೆಚ್ಚಾದೀತು. ನಾನೂ ಕರಿಕೋಟಿನವನೇ, ಆದರೂ ಹೇಳುತ್ತೇನೆ: ಎಲ್ಲ ಪೆಟ್ಟಿಗೂ ಕೇಸು ಬೇಡ.

ಮೂಳೆ, ತಲೆ, ಹಲ್ಲು, ಕಣ್ಣು, ಬೆನ್ನು ಇವುಗಳಲ್ಲಿ ಯಾವುದಕ್ಕಾದರೂ ತಾಗಿದ ಸಂಶಯ ಇದ್ದರೆ ಮಾತ್ರ ಎಕ್ಸ್‌ರೇ ಬರುವ ತನಕ ರಾಜಿ ಮಾತೇ ಬೇಡ. ಹಣ ತೆಗೆದುಕೊಂಡರೂ "ಆಸ್ಪತ್ರೆ ಖರ್ಚಿಗೆ ಇಷ್ಟು ಬಂತು" ಎಂದಷ್ಟೇ ಬರೆದುಕೊಡಿ. "ಇನ್ನು ಯಾವ ತಕರಾರೂ ಇಲ್ಲ, ಯಾರ ಮೇಲೂ ದೂರಿಲ್ಲ" ಎಂಬ ಸಾಲಿಗೆ ಸಹಿ ಹಾಕಿದಿರೋ, ಎಂಟು ದಿನ ಬಿಟ್ಟು ಭುಜ ಎತ್ತಲಾಗದೆ ಬಂದಾಗ ಆ ಕಾಗದ ನಿಮಗಿಂತ ಮೊದಲು ಕೋರ್ಟಿಗೆ ಬಂದು ಕೂತಿರುತ್ತದೆ. ಖಾಲಿ ಹಾಳೆಗೆ ಸಹಿಯಂತೂ ಯಾರಿಗೂ ಕೊಡಬೇಡಿ, ಊರಿನ ಪಂಚರು ಮಧ್ಯೆ ಕೂತಿದ್ದರೂ.

ಆಸ್ಪತ್ರೆಯಲ್ಲಿ ಮೊದಲು ಅಡ್ವಾನ್ಸ್ ಕಟ್ಟಿ ಅಂತಾರೆ. ಸರ್ಕಾರದ ಯಾವುದೋ ಉಚಿತ ಚಿಕಿತ್ಸೆ ಇದೆಯಂತಲ್ಲ?

ಇದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ 2025ರ ಮೇ 5ರಿಂದ ಜಾರಿಗೆ ಬಂದಿದೆ. ಅಪಘಾತದ ದಿನದಿಂದ 7 ದಿನಗಳವರೆಗೆ, ಒಬ್ಬರಿಗೆ 1.5 ಲಕ್ಷ ರೂಪಾಯಿ ತನಕ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ. ಗುದ್ದಿದ ಗಾಡಿಗೆ ವಿಮೆ ಇದೆಯೋ ಇಲ್ಲವೋ ಎಂಬುದು ಮುಖ್ಯವಲ್ಲ. ಪಟ್ಟಿಯಲ್ಲಿಲ್ಲದ ಆಸ್ಪತ್ರೆ ಜೀವಕ್ಕೆ ಅಪಾಯವಿಲ್ಲದ ಸ್ಥಿತಿಗೆ ತರುವ ಮಟ್ಟಿನ ಚಿಕಿತ್ಸೆ ಕೊಟ್ಟು ಬೇರೆಡೆ ಕಳಿಸಬಹುದು. 112ಕ್ಕೆ ಫೋನ್ ಮಾಡಿದರೆ ಪೊಲೀಸರಿಗೂ ಸುದ್ದಿ ಮುಟ್ಟುತ್ತದೆ. ಈ ಯೋಜನೆಗೆ ಪೊಲೀಸರ ದೃಢೀಕರಣ ಬೇಕೇ ಬೇಕು. ಇಲ್ಲಿ ಸಿಕ್ಕ ಚಿಕಿತ್ಸೆಯ ಖರ್ಚನ್ನು ಆಮೇಲೆ ಕ್ಲೇಮಿನಲ್ಲಿ ಮತ್ತೆ ಕೇಳುವಂತಿಲ್ಲ. ನೋವು, ಕಳೆದುಕೊಂಡ ಕೂಲಿ ಇವುಗಳ ಹಕ್ಕು ಹಾಗೇ ಉಳಿಯುತ್ತದೆ.

## ಯಾರು ಕೊಡಬೇಕು

ಹಣ ಕೊಡೂದು ನಮ್ಮ ಇನ್ಶೂರೆನ್ಸಾ, ಅವರದ್ದಾ?

ಯಾರ ತಪ್ಪಿನಿಂದ ಗುದ್ದಿತೋ ಆ ಗಾಡಿಯ ವಿಮೆ. ನಿಮ್ಮ ಪಾಲಿಸಿ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಕೊಡುತ್ತದೆ, ಅವರದ್ದು ನಿಮಗೆ. ಥರ್ಡ್ ಪಾರ್ಟಿ ಎನ್ನುವುದು ಇದನ್ನೇ, ಮತ್ತು ಅದು ಇಲ್ಲದೆ ಗಾಡಿ ರಸ್ತೆಗಿಳಿಸುವುದೇ ಅಪರಾಧ. ಎದುರಿನ ಗಾಡಿಯ ನಂಬರ್ ಇದ್ದರೆ ಎಂಪರಿವಾಹನ್ ಆ್ಯಪ್‌ನಲ್ಲಿ ವಿಮೆ ಎಂದಿನವರೆಗೆ ಇದೆ ಎಂದು ನೋಡಬಹುದು. ನಂಬರ್ ಪ್ಲೇಟಿನ ಒಂದು ಫೋಟೋ ಅಲ್ಲೇ ತೆಗೆದುಕೊಳ್ಳಿ, ಜಗಳ ಆಮೇಲೆ ಮಾಡಬಹುದು.

ಆನೇ (ನಾನೇ) ಕಾರು ಓಡಸ್ತಾ ಇದ್ದಿದ್ದಿ. ದೇವಿಮನೆ ಘಟ್ಟದಲ್ಲಿ ದನ ಅಡ್ಡ ಬಂತು, ತಪ್ಪಿಸಲೆ ಹೋಗಿ ಗಟಾರಕ್ಕೆ ಇಳತ್ತು. ಎಂಗೆ (ನನಗೆ) ಎಂತಾದ್ರೂ ಸಿಕ್ತ?

ಗಾಯಕ್ಕೆ ಸಿಗುವುದು ಕಡಿಮೆ. ಎದುರಿಗೆ ಇನ್ನೊಂದು ಗಾಡಿ ಇಲ್ಲ, ಹಾಗಾಗಿ ಮೂರನೆಯವರ ವಿಮೆಯೂ ಇಲ್ಲ. ನಿಮ್ಮ ಪಾಲಿಸಿಯಲ್ಲಿರುವ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ರಕ್ಷಣೆ 15 ಲಕ್ಷದ್ದು, ಕೇಳಲು ದೊಡ್ಡದು; ಆದರೆ ಅದು ಸಾವಿಗೆ, ಕೈಕಾಲು ಅಥವಾ ಕಣ್ಣು ಕಳೆದುಕೊಂಡದ್ದಕ್ಕೆ, ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಮಾತ್ರ. ಉಳುಕಿಗೆ, ಹೊಲಿಗೆಗೆ ಒಂದು ರೂಪಾಯಿಯೂ ಇಲ್ಲ. ಕಾರಿನ ರಿಪೇರಿ ಪ್ಯಾಕೇಜ್ ಪಾಲಿಸಿಯಿಂದ, ಅಂದರೆ ಥರ್ಡ್ ಪಾರ್ಟಿಯ ಜೊತೆ ನಿಮ್ಮ ಗಾಡಿಯ ಹಾನಿಯನ್ನೂ ಸೇರಿಸಿಕೊಂಡ ಪಾಲಿಸಿಯಿಂದ ಬರುತ್ತದೆ, ಆಸ್ಪತ್ರೆ ಖರ್ಚಿಗೆ ಆರೋಗ್ಯ ವಿಮೆ ಇದ್ದರೆ ಅದು. ದನದ ಮಾಲೀಕನ ಮೇಲೆ ದಾವೆ ಹೂಡಬಹುದೆಂದು ಕೆಲವರು ಹೇಳುತ್ತಾರೆ. ಪುಸ್ತಕದಲ್ಲಿ ಸರಿ. ಅಪಘಾತವಾದ ಮೇಲೆ ಆ ದನ ನನ್ನದು ಎನ್ನುವವರು ಸಿಗಬೇಕಲ್ಲ!

ಕಾರು ಓಡಿಸಿದ್ದು ಅಣ್ಣ, ಹಿಂದೆ ಕೂತ ಆಯಿಗೆ ಪೆಟ್ಟಾಯ್ತು. ಮನೆಯವರ ಮೇಲೇ ಕ್ಲೇಮ್ ಮಾಡುಕೆ ಬರ್ತದ್ಯಾ?

ಬರುತ್ತದೆ, ಒಂದು ಷರತ್ತಿನ ಮೇಲೆ. ಕಾರಿಗಿರುವುದು ಪ್ಯಾಕೇಜ್ ಪಾಲಿಸಿಯಾಗಿರಬೇಕು. ಬರೀ ಥರ್ಡ್ ಪಾರ್ಟಿ ಪಾಲಿಸಿ ಖಾಸಗಿ ಕಾರಿನೊಳಗೆ ಸುಮ್ಮನೆ ಕೂತು ಬಂದವರನ್ನು ಒಳಗೊಳ್ಳುವುದಿಲ್ಲ. ಪ್ಯಾಕೇಜ್ ಪಾಲಿಸಿ ಒಳಗೊಳ್ಳುತ್ತದೆಂದು ವಿಮಾ ನಿಯಂತ್ರಣ ಪ್ರಾಧಿಕಾರವೇ 2009ರಲ್ಲಿ ಸ್ಪಷ್ಟಪಡಿಸಿದೆ, ಸುಪ್ರೀಂ ಕೋರ್ಟೂ ಒಪ್ಪಿದೆ. ಅಣ್ಣನ ಮೇಲೆ ಆರೋಪ ಹೊರಿಸಿದ ಹಾಗಾಗುತ್ತದೆಂದು ಆಯಿಯವರು ಹಿಂಜರಿಯುತ್ತಾರೆ. ಹಣ ಕೊಡುವುದು ಕಂಪನಿ. ಆದರೆ ಅಣ್ಣನ ಅಜಾಗರೂಕತೆ ಎಂದು ದಾಖಲೆಯಲ್ಲಿ ಬರಲೇಬೇಕು, ಅವನ ಮೇಲೆ ಸಣ್ಣದೊಂದು ಕ್ರಿಮಿನಲ್ ಕೇಸೂ ಆಗುತ್ತದೆ. ಅದನ್ನು ಮನೆಯಲ್ಲಿ ಕೂತು ಮೊದಲೇ ಮಾತಾಡಿಕೊಳ್ಳಿ. ಇನ್ನೊಂದು, ಕಾರು ಆಯಿಯ ಹೆಸರಿನಲ್ಲೇ ಇದ್ದರೆ ಈ ದಾರಿ ಮುಚ್ಚಿದೆ, ಮಾಲೀಕರು ತಮ್ಮದೇ ಗಾಡಿಗೆ ಮೂರನೆಯವರಾಗುವುದಿಲ್ಲ.

ಎದುರಿನ ಗಾಡಿಯ ತಪ್ಪಾಗಿದ್ದರೆ ಇಷ್ಟೆಲ್ಲ ತಲೆಬಿಸಿಯೇ ಇಲ್ಲ. ಆ ಗಾಡಿಯ ವಿಮೆಯಿಂದ ಆಯಿಗೂ ಸಿಗುತ್ತದೆ, ಅಣ್ಣನಿಗೂ ಸಿಗುತ್ತದೆ.

ಶಿರ್ಸಿಗೆ ಅಡಿಕೆ ಒಯ್ಯುವ ಪಿಕಪ್‌ನಲ್ಲಿ ಚೀಲದ ಜೊತೆ ನಾನೂ ಹೋಗ್ತಿದ್ದೆ. ಕಾರು ತಪ್ಪಿಸಲು ಹೋಗಿ ಪಿಕಪ್ ಕಂಬಕ್ಕೆ ಗುದ್ದಿತು. ನನಗೆ ಸಿಗುತ್ತದಾ?

ಅಡಿಕೆ ನಿಮ್ಮದೇ ಆಗಿದ್ದರೆ ಸಿಗುತ್ತದೆ. ಸರಕು ಗಾಡಿಯಲ್ಲಿ ಸರಕಿನ ಜೊತೆ ಹೋಗುವ ಮಾಲೀಕ ಅಥವಾ ಅವನ ಪ್ರತಿನಿಧಿಗೆ ವಿಮೆಯ ರಕ್ಷಣೆ ಇದೆ. ಅದೇ ಪಿಕಪ್ಪಿಗೆ ದಾರಿಯಲ್ಲಿ ಕೈ ಮಾಡಿ ಹತ್ತಿದವರಿಗೆ ಇಲ್ಲ, ಮೀನಿನ ಟೆಂಪೋದಲ್ಲಿ ಲಿಫ್ಟ್ ಕೇಳಿ ಹೋದವರಿಗೂ ಇಲ್ಲ. ಅವರು ಗಾಡಿಯ ಮಾಲೀಕನಿಂದಲೇ ಕೇಳಬೇಕು. ಹಾಗಾಗಿ ಅಡಿಕೆ ತೂಕದ ಚೀಟಿ, ಸೊಸೈಟಿಯ ಆವಕದ ರಸೀದಿ ಎಸೆಯಬೇಡಿ. ಚೀಲ ನಿಮ್ಮದೆಂದು ತೋರಿಸುವುದು ಅದೇ. ಚೀಲದ ಮೇಲೆ ಕೂತಿದ್ದಿರೋ ಡ್ರೈವರ್ ಪಕ್ಕದ ಸೀಟಿನಲ್ಲೋ ಎಂಬುದನ್ನೂ ಕೇಳುತ್ತಾರೆ, ಸುಳ್ಳು ಹೇಳಬೇಡಿ.

ಗುದ್ದಿದ್ದು ಸರ್ಕಾರಿ ಬಸ್ಸು. ಅವರಿಗೆ ಇನ್ಶೂರೆನ್ಸೇ ಇಲ್ವಂತೆ?

ಸಾರಿಗೆ ನಿಗಮಗಳು ಬಹುಮಟ್ಟಿಗೆ ತಮ್ಮದೇ ಆಂತರಿಕ ನಿಧಿಯಿಂದ ಪರಿಹಾರ ಕೊಡುತ್ತವೆ. ನಮ್ಮ ಜಿಲ್ಲೆಯಲ್ಲಿ ಓಡುವುದು ವಾಯವ್ಯ ಕರ್ನಾಟಕ ಸಾರಿಗೆ. ಅರ್ಜಿಯಲ್ಲಿ ನಿಗಮವನ್ನೇ ಎದುರುದಾರರನ್ನಾಗಿ ಮಾಡಬೇಕು. ಉಳಿದ ಕ್ರಮವೆಲ್ಲ ಒಂದೇ.

ರಾತ್ರಿ ಹೈವೇಯಲ್ಲಿ ಗುದ್ದಿ ಓಡಿಹೋದ. ನಂಬರ್ ನೋಡುಕೆ ಆಗ್ಲಾ.

ಮೊದಲು ಗಾಡಿ ಪತ್ತೆಯಾಗಲಿ ಎಂದು ದೂರು ಕೊಡಿ. ಹೆದ್ದಾರಿ 66ರ ಬದಿಯ ಪೆಟ್ರೋಲ್ ಬಂಕ್, ಹೋಟೆಲ್, ಟೋಲ್ ಗೇಟುಗಳಲ್ಲಿ ಕ್ಯಾಮೆರಾ ಇರುತ್ತವೆ. ದೃಶ್ಯ ಅಳಿಸಿಹೋಗುವ ಮುನ್ನ ಪೊಲೀಸರಿಗೆ ಆ ಜಾಗಗಳ ಹೆಸರು ಕೊಡಿ. ಪತ್ತೆಯಾಗದಿದ್ದರೆ ಸರ್ಕಾರದ ಹಿಟ್ ಅಂಡ್ ರನ್ ಯೋಜನೆ ಇದೆ: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಬರೀ ತರಚು, ಉಳುಕಿಗೆ ಇಲ್ಲ. ಅರ್ಜಿ ಹೋಗುವುದು ಕೋರ್ಟಿಗಲ್ಲ, ಕಂದಾಯ ಇಲಾಖೆಯ ವಿಚಾರಣಾಧಿಕಾರಿಗೆ. ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಕೇಳಿ.

## ಎಷ್ಟು ಸಿಗುತ್ತದೆ

ಬಾಯಿಬಿಟ್ಟು ಹೇಳಿ ಸಾಹೇಬ್ರೆ, ಅಂದಾಜು ಎಷ್ಟು ಬರಬಹುದು?

ಕಾಗದ ನೋಡದೆ ಅಂಕಿ ಹೇಳುವವರನ್ನು ನಂಬಬೇಡಿ. ಲೆಕ್ಕ ಹೇಗೆ ಹಾಕುತ್ತಾರೆಂದು ಹೇಳುತ್ತೇನೆ. ರಾಜಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ 2011ರ ಆಸುಪಾಸಿನಲ್ಲಿ ಸುಪ್ರೀಂ ಕೋರ್ಟ್ ಬಾಬತ್ತುಗಳನ್ನು ವಿಂಗಡಿಸಿಕೊಟ್ಟಿದೆ. ಸಾಮಾನ್ಯ ಗಾಯದ ಕೇಸಿನಲ್ಲಿ ಮೂರೇ: ಒಂದು, ಚಿಕಿತ್ಸೆ, ಆಸ್ಪತ್ರೆ, ಔಷಧಿ, ಓಡಾಟ, ಪಥ್ಯದ ಊಟದ ಖರ್ಚು. ಎರಡು, ಚಿಕಿತ್ಸೆಯ ಅವಧಿಯಲ್ಲಿ ತಪ್ಪಿದ ದುಡಿಮೆ. ಮೂರು, ನೋವು ಮತ್ತು ಯಾತನೆ. ಮುಂದಿನ ಆದಾಯ ನಷ್ಟ, ಜೀವನದ ಸುಖ ತಪ್ಪಿದ್ದು, ಮುಂದಿನ ಚಿಕಿತ್ಸೆ ಇತ್ಯಾದಿ ಬರುವುದು ಗಾಯ ಗಂಭೀರವಾಗಿದ್ದು, ಡಾಕ್ಟರ ಸಾಕ್ಷ್ಯ ಅದನ್ನು ಬೆಂಬಲಿಸಿದಾಗ.

ಮೂರನೆಯ ಬಾಬತ್ತು ನ್ಯಾಯಾಧೀಶರ ವಿವೇಚನೆ. ಮೊದಲ ಎರಡು ನಿಮ್ಮ ಕೈಯಲ್ಲಿವೆ, ಏಕೆಂದರೆ ಅವು ಬಿಲ್ಲಿನಿಂದ ಬರುತ್ತವೆ. ಮೆಡಿಕಲ್ ಶಾಪಿನವನು ಚೀಟಿ ಕೊಡದಿದ್ದರೆ ಕೇಳಿ ಪಡೆಯಿರಿ. ಪ್ರತಿ ಬಿಲ್ಲಿಗೂ ಡಾಕ್ಟರ ಚೀಟಿ ಹೊಂದಬೇಕು. ಚೀಟಿಯಿಲ್ಲದ ಬಿಲ್ಲನ್ನು ಎದುರು ವಕೀಲರು ಒಂದೊಂದಾಗಿ ಹೊರಗೆ ತೆಗೆಯುತ್ತಾರೆ. ಕಾರವಾರದಿಂದ ಮಣಿಪಾಲಕ್ಕೆ ಕಾರು ಮಾಡಿಕೊಂಡು ಹೋದರೆ ಬಾಡಿಗೆಯೇ ಔಷಧಿಗಿಂತ ಹೆಚ್ಚಾಗುವ ಊರು ನಮ್ಮದು, ಆದ್ದರಿಂದ ಡ್ರೈವರ್ ಸಹಿ ಮಾಡಿದ ರಸೀದಿ, ಗಾಡಿ ನಂಬರು, ತಾರೀಕು ಇರಲಿ. ಥರ್ಮಲ್ ಕಾಗದದ ಬಿಲ್ಲುಗಳು ನಮ್ಮ ಮಳೆಗಾಲದ ತೇವಕ್ಕೆ ಮಾಸಿ ಬೆಳ್ಳಗಾಗುತ್ತವೆ. ಬಂದ ದಿನವೇ ಜೆರಾಕ್ಸ್ ಮಾಡಿಸಿ.

ಎದುರಿನ ಒಂದು ಹಲ್ಲು ಮುರಿದದ್ದು, ಅಷ್ಟೇ. ಇದೂ ಸಣ್ಣ ಗಾಯವೇ ಅಲ್ವಾ?

ಕಾನೂನಿನ ಕಣ್ಣಿನಲ್ಲಿ ಅಲ್ಲ. ಮೂಳೆ ಅಥವಾ ಹಲ್ಲು ಮುರಿದರೆ, ಕೀಲು ತಪ್ಪಿದರೆ ಅದು ತೀವ್ರ ಗಾಯ ಎನ್ನುತ್ತದೆ ನ್ಯಾಯ ಸಂಹಿತೆಯ 116ನೇ ಕಲಂ. 15 ದಿನ ತೀವ್ರ ನೋವು ಅನುಭವಿಸಿದರೂ ನಿತ್ಯದ ಕೆಲಸ ಮಾಡಲಾಗದಿದ್ದರೂ ಅದೇ ಪಟ್ಟಿ. ಹಳೆಯ ದಂಡ ಸಂಹಿತೆಯಲ್ಲಿ ಇದು 20 ದಿನ ಇತ್ತು. ಕಿರುಬೆರಳಿನ ಕೂದಲೆಳೆಯ ಬಿರುಕೂ ಸೇರುತ್ತದೆ, ಎಕ್ಸ್‌ರೇಯಲ್ಲಿ ಕಂಡರೆ.

ಇದರಿಂದ ಎರಡು ಬಾಗಿಲು ತೆರೆಯುತ್ತವೆ. ಮೇಲೆ ಹೇಳಿದ ಹಿಟ್ ಅಂಡ್ ರನ್ ಹಣ ಒಂದು. ಇನ್ನೊಂದು, ಮೋಟಾರು ವಾಹನ ಕಾಯ್ದೆಯ 164ನೇ ಕಲಂ: ಯಾರ ತಪ್ಪೆಂದು ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ 2.5 ಲಕ್ಷ. ಆದರೆ 164 ಮತ್ತು ತಪ್ಪು ತೋರಿಸಿ ಪರಿಹಾರ ಕೇಳುವ 166ನೇ ಕಲಂ ಎರಡರಲ್ಲೂ ಹಣ ಪಡೆಯುವಂತಿಲ್ಲ. 164ರ ಹಣ ಒಪ್ಪಿಕೊಂಡರೆ 166ರ ಅರ್ಜಿ ಅಲ್ಲಿಗೆ ಮುಗಿಯುತ್ತದೆ. ಹಲ್ಲು, ಬೆರಳಿನಂಥ ಗಾಯದಲ್ಲಿ ತಪ್ಪು ತೋರಿಸಿ ಗೆದ್ದರೂ ಅಷ್ಟು ಬರುವುದು ಅಪರೂಪ. ಹಾಗಾಗಿ ವೂಂಡ್ ಸರ್ಟಿಫಿಕೇಟಿನಲ್ಲಿ ಗಾಯವನ್ನು ಸಾದಾ ಎಂದು ಬರೆದಿದ್ದಾರೋ ತೀವ್ರ ಎಂದೋ ನೋಡಿಕೊಳ್ಳಿ, ಎಕ್ಸ್‌ರೇಗೂ ಅದಕ್ಕೂ ಹೊಂದದಿದ್ದರೆ ಕೂಡಲೇ ಡಾಕ್ಟರಲ್ಲಿ ವಿಚಾರಿಸಿ.

ನಾನು ಬೋಟಿಗೆ ಹೋಗುವವ. ಸಂಬಳದ ಚೀಟಿ ಎಲ್ಲಿಂದ ತರೂದು?

ತಪ್ಪಿದ ದುಡಿಮೆಗೆ ಸಂಬಳದ ಚೀಟಿಯೇ ಬೇಕೆಂದಿಲ್ಲ. ಬೋಟಿನ ಮಾಲೀಕರು ಪಾಲು ಹಂಚಿದ ಲೆಕ್ಕದ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ಕು, ಮೀನುಗಾರರ ಸಹಕಾರಿ ಸಂಘದ ಸದಸ್ಯತ್ವ ಇವು ಸೇರಿ ಒಂದು ಚಿತ್ರ ಕೊಡುತ್ತವೆ. ಮಾಲೀಕರು ಬಂದು ಸಾಕ್ಷಿ ನುಡಿದರೆ ಇನ್ನೂ ಒಳ್ಳೆಯದು. ಏನೂ ಇಲ್ಲದಿದ್ದರೆ ನ್ಯಾಯಮಂಡಳಿ ಅಂದಾಜು ಆದಾಯ ಹಿಡಿಯುತ್ತದೆ. ಅದಕ್ಕೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ವರ್ಷವಾರು ಕೋಷ್ಟಕವೊಂದಿದೆ.

ಒಂದು ಎಚ್ಚರಿಕೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ. ನಿಮಗೆ ಪೆಟ್ಟಾದದ್ದು ಜೂನ್ 10ಕ್ಕಾದರೆ, ಆಗ ದುಡಿಮೆಯೇ ಇರಲಿಲ್ಲವಲ್ಲ ಎಂದು ಕಂಪನಿಯವರು ಕೇಳಿಯೇ ಕೇಳುತ್ತಾರೆ. ಆ ಎರಡು ತಿಂಗಳು ಬಲೆ ಹೆಣೆಯುವುದೋ ನಾಡದೋಣಿಯೋ ಗಾರೆ ಕೆಲಸವೋ, ಏನು ಮಾಡುತ್ತಿದ್ದಿರೋ ಅದನ್ನೇ ಹೇಳಿ. ಯಕ್ಷಗಾನ ಮೇಳದ ಕಲಾವಿದರಿಗೂ ಇದೇ ಮಾತು: ತಿರುಗಾಟದ ದಿನಗಳಲ್ಲಿ ಕಾಲು ಉಳುಕಿ ತಪ್ಪಿದ ಆಟಗಳ ಪಟ್ಟಿಯನ್ನು ಮೇಳದವರಿಂದ ಬರೆಸಿಕೊಳ್ಳಿ.

ಉಳುಕಿಗೆ ನಾಟಿ ವೈದ್ಯರ ಹತ್ರ ಪಟ್ಟು ಹಾಕಿಸಿದೆ. ಅದಕ್ಕೆ ಬಿಲ್ಲು ಕೊಡೂದಿಲ್ಲವಲ್ಲ?

ಪಟ್ಟು ಹಾಕಿಸಬೇಡಿ ಎಂದು ಈ ಜಿಲ್ಲೆಯಲ್ಲಿ ಹೇಳಿ ನಾನು ಬೈಸಿಕೊಳ್ಳುವುದಿಲ್ಲ. ಮೊದಲು ಎಕ್ಸ್‌ರೇ ತೆಗೆಸಿ, ಆಸ್ಪತ್ರೆಯ ದಾಖಲೆ ಆಗಲಿ, ಆಮೇಲೆ ನಿಮ್ಮ ಇಷ್ಟ. ಆಸ್ಪತ್ರೆಗೆ ಹೋಗದೆ ನೇರ ಪಟ್ಟು ಹಾಕಿಸಲು ಹೋದವರಿಗೆ ಗಾಯವನ್ನು ಸಾಬೀತು ಮಾಡುವುದೇ ದೊಡ್ಡ ಕೆಲಸವಾಗುತ್ತದೆ, ಖರ್ಚಿನ ಮಾತು ಹಾಗಿರಲಿ.

ಮೆಡಿಕ್ಲೇಮ್‌ನಿಂದ ಆಸ್ಪತ್ರೆ ಬಿಲ್ ಆಗಿಹೋಯ್ತು. ಅದೇ ಬಿಲ್ ಕೋರ್ಟಿಗೂ ಕೊಡಬಹುದಾ?

ಹೈಕೋರ್ಟುಗಳು ಒಂದೇ ದನಿಯಲ್ಲಿಲ್ಲ. ಮೆಡಿಕ್ಲೇಮ್‌ನಿಂದ ಬಂದಷ್ಟನ್ನು ವೈದ್ಯಕೀಯ ಖರ್ಚಿನಿಂದ ಕಳೆಯಬೇಕೆಂದು ಕರ್ನಾಟಕ ಹೈಕೋರ್ಟ್ ತೀರ್ಪು ಕೊಟ್ಟಿದೆ. ಕಳೆಯುವಂತಿಲ್ಲ, ಅದು ಪ್ರೀಮಿಯಂ ಕಟ್ಟಿದವನ ಹಣ ಎಂದು ಬಾಂಬೆ ಹೈಕೋರ್ಟಿನ ಪೂರ್ಣಪೀಠ 2025ರಲ್ಲಿ ಹೇಳಿದೆ. ಗೋವಾ ಅದರ ವ್ಯಾಪ್ತಿಯಲ್ಲಿದೆ. ಅಂದರೆ ಕಾಳಿ ಸೇತುವೆ ದಾಟಿ ಪೋಳೆಂ ಗಡಿಯಾಚೆ ಹೋದರೆ ನಿಯಮ ಬೇರೆ! ಏನೇ ಇರಲಿ, ಮೆಡಿಕ್ಲೇಮ್ ಬಂದದ್ದನ್ನು ಮುಚ್ಚಿಡಬೇಡಿ. ಮೂಲ ಬಿಲ್ಲುಗಳು ಆ ಕಂಪನಿಗೆ ಹೋಗುವ ಮೊದಲು ದೃಢೀಕರಿಸಿದ ಪ್ರತಿ ಇಟ್ಟುಕೊಳ್ಳಿ.

## ಕೋರ್ಟು, ಕಂಪನಿ, ವಕೀಲರು

ಆಕ್ಸಿಡೆಂಟ್ ಆದದ್ದು ಗೋವಾದ ಕಾಣಕೋಣದಲ್ಲಿ. ಕೇಸಿಗೆ ಅಲ್ಲಿಗೇ ತಿರುಗಬೇಕಾ? ಎಷ್ಟು ದಿನದೊಳಗೆ ಹಾಕಬೇಕು?

ತಿರುಗಬೇಕಿಲ್ಲ. ಅಪಘಾತವಾದ ಜಾಗ, ನೀವು ವಾಸಿಸುವ ಅಥವಾ ವ್ಯಾಪಾರ ಮಾಡುವ ಊರು, ಎದುರುದಾರ ವಾಸಿಸುವ ಊರು ಇವುಗಳಲ್ಲಿ ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಕಾರವಾರದವರು ಕಾರವಾರದಲ್ಲೇ ಹಾಕಬಹುದು. ನಮ್ಮ ರಾಜ್ಯದಲ್ಲಿ ಜಿಲ್ಲಾ ನ್ಯಾಯಾಧೀಶರೂ ಹಿರಿಯ ಸಿವಿಲ್ ನ್ಯಾಯಾಧೀಶರೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಾಗಿ ಕೂರುತ್ತಾರೆ. ಎಂವಿಸಿ ಕೇಸ್ ಎಂದರೆ ಕೋರ್ಟಿನ ಸಿಬ್ಬಂದಿಗೆ ಗೊತ್ತು. ಎಫ್‌ಐಆರ್ ಮತ್ತು ಪಂಚನಾಮೆ ಮಾತ್ರ ಕಾಣಕೋಣ ಠಾಣೆಯಿಂದಲೇ ತರಬೇಕು.

ಅವಧಿ ಅಪಘಾತದಿಂದ 6 ತಿಂಗಳು. 2022ರ ಏಪ್ರಿಲ್‌ಗೆ ಮೊದಲು ಇಂಥ ಮಿತಿ ಇರಲಿಲ್ಲ, ಹಾಗಾಗಿ "ಯಾವಾಗ ಬೇಕಾದ್ರೂ ಹಾಕಬಹುದು" ಎಂಬ ಹಳೆಯ ಮಾತು ಇನ್ನೂ ಊರಲ್ಲಿ ತಿರುಗುತ್ತಿದೆ. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ, ಅಂತಿಮ ತೀರ್ಪಿನ ತನಕ ತಡವಾಯಿತೆಂದು ಅರ್ಜಿಗಳನ್ನು ವಜಾ ಮಾಡಬೇಡಿ ಎಂದು ಮಧ್ಯಂತರ ಆದೇಶ ಕೊಟ್ಟಿದೆ. ಅದನ್ನು ನೆಚ್ಚಿ ಕೂರಬೇಡಿ, 6 ತಿಂಗಳೊಳಗೇ ಹಾಕಿ.

ವಕೀಲರು ಬಂದ ಹಣದಲ್ಲಿ ಇಷ್ಟು ಪರ್ಸೆಂಟ್ ಅಂದ್ರು. ಅದು ಸರಿಯಾ?

ಸರಿಯಲ್ಲ. ಫಲಿತಾಂಶದ ಮೇಲೆ ಫೀಸು, ಬಂದ ಹಣದಲ್ಲಿ ಪಾಲು ಎರಡನ್ನೂ ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. ಫೀಸನ್ನು ಮೊದಲೇ ಮಾತಾಡಿ. ಆಸ್ಪತ್ರೆಯ ಹಾಸಿಗೆಯ ಬಳಿಯೇ ವಕಾಲತ್ತಿಗೆ ಸಹಿ ಮಾಡಿಸಲು ಬರುವ ಮಧ್ಯವರ್ತಿಗಳನ್ನು ದೂರ ಇಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ತಾಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100.

ಕಂಪನಿಯಿಂದ ಒಬ್ಬರು ಮನೆಗೆ ಬಂದು ರಾಜಿ ಆಗೋಣ ಅಂದ್ರು. ಒಪ್ಪಬಹುದಾ?

ಮಾತಾಡಿ, ಮನೆಯಲ್ಲಿ ಸಹಿ ಬೇಡ. ಕಂಪನಿಯ ನಿಯೋಜಿತ ಅಧಿಕಾರಿ ಇತ್ಯರ್ಥದ ಮೊತ್ತವನ್ನು ಮುಂದಿಡಬೇಕೆಂದು ಕಾಯ್ದೆಯ 149ನೇ ಕಲಮೇ ಹೇಳುತ್ತದೆ. ನೀವು ಒಪ್ಪಿದರೆ ಅದು ನ್ಯಾಯಮಂಡಳಿಯ ಮುಂದೆ ದಾಖಲಾಗಿ 30 ದಿನದೊಳಗೆ ಹಣ ಬರಬೇಕು. ಒಪ್ಪದಿದ್ದರೆ ವಿಚಾರಣೆ ಮುಂದುವರಿಯುತ್ತದೆ, ನಿಮ್ಮ ಹಕ್ಕಿಗೆ ಕುಂದಿಲ್ಲ.

ಸಣ್ಣ ಗಾಯದ ಕೇಸಿಗೆ ಲೋಕ ಅದಾಲತ್ ನನಗೆ ಹೆಚ್ಚು ಹಿಡಿಸಿದ ಜಾಗ. ಸ್ವಲ್ಪ ಕಡಿಮೆ ಬಂದೀತು, ಆದರೆ ಬೇಗ ಬರುತ್ತದೆ, ಡಾಕ್ಟರನ್ನು ಸಾಕ್ಷಿಗೆ ಕರೆಸುವ ಖರ್ಚು ಉಳಿಯುತ್ತದೆ. ಅಲ್ಲಿ ಆದ ತೀರ್ಮಾನದ ಮೇಲೆ ಅಪೀಲಿಲ್ಲ ಎಂಬುದು ನೆನಪಿರಲಿ. ಚಿಕಿತ್ಸೆ ಪೂರ್ತಿ ಮುಗಿದ ಮೇಲೆ, ರಾಡು-ಸ್ಕ್ರೂ ತೆಗೆಸುವುದು ಬಾಕಿ ಇದ್ದರೆ ಅದರ ಅಂದಾಜು ಪತ್ರ ಕೈಗೆ ಬಂದ ಮೇಲೆ ಒಪ್ಪಿ.

ಹೆಲ್ಮೆಟ್ ಹಾಕಿರಲಿಲ್ಲ, ಸ್ವಲ್ಪ ರಾಂಗ್ ಸೈಡಿನಲ್ಲೂ ಇದ್ದೆ. ಏನೂ ಸಿಗೂದಿಲ್ವಾ?

ಸಿಗುತ್ತದೆ, ಕಡಿತವಾಗಿ. ನಿಮ್ಮದೂ ಪಾಲಿನ ತಪ್ಪಿದ್ದರೆ ಅಷ್ಟು ಭಾಗ ಕಳೆಯುತ್ತಾರೆ. ಇಲ್ಲಿ ನಿರ್ಣಾಯಕವಾಗುವುದು ಪಂಚನಾಮೆಯ ನಕ್ಷೆ: ಗಾಜಿನ ಚೂರು, ಬ್ರೇಕಿನ ಗುರುತು ರಸ್ತೆಯ ಯಾವ ಬದಿಗೆ ಬಿದ್ದಿತ್ತು ಎಂಬುದು. ಹೆಲ್ಮೆಟ್ ಇಲ್ಲದ್ದು ಕಾಲಿನ ಗಾಯದ ಲೆಕ್ಕಕ್ಕೆ ಬರಬಾರದು. ವಕೀಲರು ಅದನ್ನು ನೆನಪಿಸಬೇಕು.

ಉಲ್ಟಾ ಕೇಳ್ತೇನೆ. ಗುದ್ದಿದ್ದು ನಾನೇ. ಈಗ ನಾನೇನು ಮಾಡಬೇಕು?

ಗಾಯಾಳುವನ್ನು ಆಸ್ಪತ್ರೆಗೆ ಒಯ್ಯಿರಿ. 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು 134ನೇ ಕಲಮಿನ ಪ್ರಕಾರ ನಿಮ್ಮ ಕರ್ತವ್ಯ, ವಿಮಾ ಕಂಪನಿಗೂ ಬರಹದಲ್ಲಿ ತಿಳಿಸಿ. ಜನ ಸುತ್ತುಗಟ್ಟಿದರೆ ನೇರ ಠಾಣೆಗೆ ಹೋಗಿ, ಅದು ಓಡಿಹೋದಂತಲ್ಲ. ಲೈಸೆನ್ಸ್, ಆರ್‌ಸಿ, ಪಾಲಿಸಿ ಪ್ರತಿಗಳನ್ನು ಕೊಡಿ.

ಮೂರನೆಯವರ ಗಾಯಕ್ಕೆ ಕಂಪನಿ ಹಣ ಕೊಟ್ಟರೆ ನಿಮ್ಮ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುವುದಿಲ್ಲ. ಅದು ಹೋಗುವುದು ನಿಮ್ಮದೇ ಕಾರಿನ ರಿಪೇರಿಗೆ ಕ್ಲೇಮ್ ಮಾಡಿದಾಗ. ಈ ಭಯಕ್ಕೇ ಎಷ್ಟೋ ಜನ ಕೈಯಿಂದ ಹಣ ಕೊಟ್ಟು ಕಳಿಸುತ್ತಾರೆ. ಪಾಲಿಸಿ ಮುಗಿದಿದ್ದರೆ ಮಾತ್ರ ಪೂರ್ತಿ ಪರಿಹಾರ ನಿಮ್ಮ ಜೇಬಿನದು, ಜೊತೆಗೆ ದಂಡ ಮೊದಲ ಸಲ 2,000.

ಓಡಿಸಿದ್ದು ಲೈಸೆನ್ಸ್ ಇಲ್ಲದ ತಮ್ಮ. ಡ್ರೈವರ್ ಅಂತ ನನ್ನ ಹೆಸರು ಬರೆಸಿದ್ರೆ?

ಬೇಡ. ಹೊಸ ಡ್ರೈವರ್, ಬದಲಿ ಗಾಡಿ, ಇಲ್ಲದ ಅಪಘಾತ ಇವನ್ನೇ ಹುಡುಕುವುದು ಕಂಪನಿಯ ತನಿಖೆದಾರರ ಕೆಲಸ. ಮೊಬೈಲ್ ಟವರ್, ಕ್ಯಾಮೆರಾ, ಆಸ್ಪತ್ರೆಯ ಚೀಟಿ ಎಲ್ಲ ಅವರಿಗೆ ಸಿಗುತ್ತವೆ. ಸಿಕ್ಕಿಬಿದ್ದರೆ ಗಾಯಾಳುವಿನ ಹಣವೂ ಹೋಗುತ್ತದೆ, ನಿಮ್ಮಿಬ್ಬರ ಮೇಲೆ ವಂಚನೆಯ ಕೇಸೂ ಬೀಳುತ್ತದೆ. ನಿಜ ಹೇಳಿದರೆ? ಕಂಪನಿ ಗಾಯಾಳುವಿಗೆ ಮೊದಲು ಕೊಟ್ಟು, ಆಮೇಲೆ ಗಾಡಿಯ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ನ್ಯಾಯಮಂಡಳಿಗಳು ಅನೇಕ ಸಲ ಆದೇಶಿಸಿವೆ. ನಿಮಗೆ ನಷ್ಟ ಹೌದು, ಆದರೆ ವಂಚನೆಯ ಕೇಸಿನ ಭಯವಿಲ್ಲ.

ತೀರ್ಪು ಬಂತು, ಹಣ ಕಡಿಮೆ ಅನಿಸ್ತು. ಮುಂದೆ?

90 ದಿನದೊಳಗೆ ಹೈಕೋರ್ಟಿಗೆ ಅಪೀಲು. ನಮ್ಮ ಜಿಲ್ಲೆಗೆ ಧಾರವಾಡ ಪೀಠ. ಆದರೆ ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆ ಇದ್ದರೆ ಅಪೀಲೇ ಇಲ್ಲ. ಸಣ್ಣ ಗಾಯದ ಹೆಚ್ಚಿನ ಕೇಸುಗಳು ಇಲ್ಲೇ ನಿಲ್ಲುತ್ತವೆ. ಇದು ಕಂಪನಿಗೂ ಅನ್ವಯ, ಅಷ್ಟು ಸಮಾಧಾನ.

ತೀರ್ಪಾದ 30 ದಿನದೊಳಗೆ ಕಂಪನಿ ಹಣ ಜಮಾ ಮಾಡಬೇಕು, ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಬಡ್ಡಿ ಸೇರಿಸಿ. ಮಾಡದಿದ್ದರೆ ಅದೇ ಕೋರ್ಟಿನಲ್ಲಿ ಜಾರಿ ಅರ್ಜಿ ಹಾಕಿ. ಎದುರಿನ ಗಾಡಿಯ ಕಂಪನಿ ಮೇಲೆ ಗ್ರಾಹಕರ ಆಯೋಗಕ್ಕೋ ವಿಮಾ ಓಂಬುಡ್ಸ್‌ಮನ್‌ಗೋ ಹೋಗಿ ಪ್ರಯೋಜನವಿಲ್ಲ, ನೀವು ಆ ಕಂಪನಿಯ ಗ್ರಾಹಕರಲ್ಲ. ನಿಮ್ಮದೇ ಮೆಡಿಕ್ಲೇಮ್ ತಕರಾರಾದರೆ ಹೋಗಬಹುದು. ಹಣ ಬರುವುದು ನಿಮ್ಮ ಹೆಸರಿನ ಬ್ಯಾಂಕ್ ಖಾತೆಗೆ, ಹಾಗಾಗಿ ಪಾಸ್‌ಬುಕ್ಕಿನ ಹೆಸರೂ ಆಧಾರಿನ ಹೆಸರೂ ಅರ್ಜಿಯ ಹೆಸರೂ ಒಂದೇ ಇರಲಿ. ಒಂದರಲ್ಲಿ ಗಣಪತಿ, ಇನ್ನೊಂದರಲ್ಲಿ ಗಣಪ ಎಂದಿದ್ದರೆ ಅಫಿಡವಿಟ್ಟಿಗೆ ಮತ್ತೊಂದು ಸುತ್ತು ಓಡಾಟ.